ಹಿಮದ ಇಳಿಜಾರಿಗೆ ಹೊರಡುವ ಮುನ್ನ

ಉಮರ್ಗಾ, ನಿಲಂಗಾ, ಉದಗೀರಗಳ ಸೀಮೆಯಲ್ಲಿ ಆಕಾಶದಿಂದ ಬೀಳುವ ಮಂಜುಗಡ್ಡೆಯೆಂದರೆ ಆಣೆಕಲ್ಲು. ಮನೆಯ ಕನ್ನಡದಲ್ಲಿ ಆಣೆಕಲ್ಲಾದದ್ದು ಪೇಟೆಯ ಮರಾಠಿಯಲ್ಲಿ ಗಾರಾ ಆಗುತ್ತದೆ. ಎರಡು ನುಡಿಗಳಲ್ಲಿಯೂ ಅದು ಭಯದ ಮಾತೇ. 2014ರ ಫೆಬ್ರುವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಮರಾಠವಾಡದ ಮೇಲೆ ಸುರಿದ ಆಣೆಕಲ್ಲಿನ ಮಳೆ ಕೊಯ್ಲಿಗೆ ಬಂದ ಬೆಳೆಯನ್ನು ನೆಲಕ್ಕೆ ಬಡಿದುದನ್ನು ಇಂದು ಪದವಿ ತರಗತಿಗಳಲ್ಲಿ ಓದುತ್ತಿರುವವರು ಬಾಲ್ಯದಲ್ಲಿ ಕಂಡಿದ್ದಾರೆ, ಇಲ್ಲವೇ ಮನೆಯ ಹಿರಿಯರಿಂದ ಕೇಳಿದ್ದಾರೆ. ಇಂಥ ನೆಲದ ವಿದ್ಯಾರ್ಥಿಗಳು ಚಳಿಗಾಲದಲ್ಲಿ ಹಿಮಾಲಯಕ್ಕೆ ಹೋಗಿ, ಕಾಲಿಗೆ ಹಲಗೆ ಕಟ್ಟಿಕೊಂಡು, ಹಿಮದ ಇಳಿಜಾರಿನಲ್ಲಿ ಜಾರಿ ಬರಬೇಕೆಂದು ಬಯಸುವುದು ಈಗ ಅಪರೂಪವೇನಲ್ಲ. ಬಯಕೆ ತಪ್ಪಲ್ಲ. ಆದರೆ ಮಹಾಬಳೇಶ್ವರಕ್ಕೋ ಹಂಪಿಗೋ ಹೊರಟಂತೆ ಇದಕ್ಕೆ ಹೊರಟರೆ ಹಣವೂ ವ್ಯರ್ಥ, ಆಟವೂ ಕೈಗೆಟುಕದು.

ಮೊದಲು ಮಾತಿನ ವಿಚಾರ. ಕನ್ನಡ ಕಾವ್ಯಕ್ಕೆ ಹಿಮಗಿರಿ ಅಪರಿಚಿತವಲ್ಲ. ಹರಿಹರನ ‘ಗಿರಿಜಾಕಲ್ಯಾಣ’ವನ್ನು ಓದಿದವರಿಗೆ ಹಿಮವಂತನು ಪಾರ್ವತಿಯ ತಂದೆಯಾಗಿಯೇ ಪರಿಚಿತ. ಆದರೆ ದಿನಬಳಕೆಯ ಕನ್ನಡಕ್ಕೆ ಹಿಮದೊಡನೆ ಒಡನಾಟ ಕಡಿಮೆ. ‘ಮಂಜು’ ಎಂಬ ಒಂದೇ ಪದ ಮುಂಜಾನೆ ಹೊಲದ ಮೇಲೆ ಕವಿಯುವ ಮುಸುಕಿಗೂ ಹುಲ್ಲಿನ ತುದಿಯ ಹನಿಗೂ ಪರ್ವತದ ಮೇಲೆ ಸುರಿಯುವ ಹಿಮಕ್ಕೂ ಸಲ್ಲುತ್ತದೆ. ‘ಹಿಮಪಾತ’ ಎಂಬ ಪದದ ತೊಡಕು ಇನ್ನೂ ದೊಡ್ಡದು. ಪತ್ರಿಕೆಗಳಲ್ಲಿ ಅದು ಹೆಚ್ಚಾಗಿ ಹಿಮದ ಮಳೆ ಎಂಬ ಅರ್ಥದಲ್ಲಿ ಬರುತ್ತದೆ. ಕೆಲವೊಮ್ಮೆ ಬೆಟ್ಟದ ಮೈಯಿಂದ ಹಿಮದ ರಾಶಿ ಕಳಚಿ ಉರುಳುವ ಅನಾಹುತಕ್ಕೂ ಅದನ್ನೇ ಬಳಸುವುದುಂಟು. ಮೊದಲನೆಯದು ಜಾರಾಟಗಾರನಿಗೆ ಶುಭವಾರ್ತೆ, ಎರಡನೆಯದು ಪ್ರಾಣಾಂತಿಕ. ಮರಾಠಿಯು ಎರಡನೆಯದನ್ನು ‘ಹಿಮಸ್ಖಲನ’ ಎಂದು ಬೇರ್ಪಡಿಸಿಕೊಂಡಿದೆ. ಕನ್ನಡದಲ್ಲಿ ‘ಹಿಮಕುಸಿತ’ ಎಂಬ ಸ್ಪಷ್ಟವಾದ ಪದವಿದೆ. ಅದನ್ನು ಅದರ ಜಾಗದಲ್ಲಿಯೇ ಬಳಸುವುದು ಲೇಸು. ‘ಸ್ಕೀ’ ಎಂಬುದು ನಾರ್ವೆ ದೇಶದ ನುಡಿಯಿಂದ ಲೋಕಕ್ಕೆಲ್ಲ ಹಬ್ಬಿದ ಮಾತು. ಅದರ ಮೂಲಾರ್ಥ ಸೀಳಿದ ಕಟ್ಟಿಗೆಯ ತುಂಡು ಎಂದಷ್ಟೇ. ‘ಹಿಮಜಾರಾಟ’ ಎಂಬ ಕನ್ನಡದ ರಚನೆ ಕೇಳಲು ಇಂಪಾಗಿದೆ. ಆದರೆ ಹಲಗೆಯ ಹೆಸರಾಗಿ ಸ್ಕೀ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳದೆ ಬೇರೆ ದಾರಿ ಕಾಣದು.

ಈ ಆಟದಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು. ಒಂದು, ಎರಡು ಕಾಲಿಗೂ ಒಂದೊಂದು ಸ್ಕೀ ತೊಟ್ಟು ಇಳಿಜಾರಿನಲ್ಲಿ ಕೆಳಕ್ಕೆ ಜಾರುವುದು. ಇದರಲ್ಲಿ ಪಾದರಕ್ಷೆಯ ತುದಿಯೂ ಹಿಮ್ಮಡಿಯೂ ಹಲಗೆಗೆ ಬಿಗಿದಿರುತ್ತವೆ. ಇನ್ನೊಂದು, ಹಿಮ್ಮಡಿಯನ್ನು ಬಿಡುಬೀಸಾಗಿಟ್ಟು ಸಮತಟ್ಟಾದ ಅಥವಾ ಏರಿಳಿತದ ನೆಲದ ಮೇಲೆ ದೂರದೂರ ಸಾಗುವುದು. ಮೂರನೆಯದು ಸ್ನೋಬೋರ್ಡ್: ಎರಡು ಪಾದಗಳನ್ನೂ ಒಂದೇ ಅಗಲವಾದ ಹಲಗೆಗೆ ಅಡ್ಡಲಾಗಿ ಕಟ್ಟಿಕೊಂಡು ಪಕ್ಕಕ್ಕೆ ಮುಖಮಾಡಿ ಜಾರುವುದು. ಸ್ನೋಬೋರ್ಡಿನಲ್ಲಿ ಮೊದಲ ದಿನಗಳ ಬೀಳುವಿಕೆ ಹೆಚ್ಚು, ಪೆಟ್ಟು ಬೀಳುವುದು ಹೆಚ್ಚಾಗಿ ಮಣಿಕಟ್ಟಿಗೆ. ಸ್ಕೀಯಲ್ಲಿ ಅಪಾಯ ಮೊಣಕಾಲಿಗೆ. ಹಿಮವನ್ನೇ ಕಾಣದವರು ಸ್ಕೀಯಿಂದ ತೊಡಗುವುದು ಸುಲಭವೆಂದು ಬಲ್ಲವರಲ್ಲಿ ಹೆಚ್ಚಿನವರು ಹೇಳುತ್ತಾರೆ.

ಪ್ರವಾಸದ ಯೋಜನೆಯಲ್ಲಿ ಸಾಮಾನ್ಯವಾಗಿ ಮೊದಲು ಏಳುವ ಪ್ರಶ್ನೆ ಎಲ್ಲಿಗೆ ಎಂಬುದು. ಇಲ್ಲಿ ಮೊದಲು ಕೇಳಬೇಕಾದುದು ಎಷ್ಟು ದಿನ ಎಂಬುದನ್ನು. ಎರಡು ದಿನಗಳ ಹಿಮದರ್ಶನಕ್ಕೆ ಹೋದವರಿಗೆ ಬಾಡಿಗೆಯ ಮೇಲಂಗಿ, ಬಾಡಿಗೆಯ ಬೂಟು, ಯಾರೋ ಕೈಹಿಡಿದು ಹತ್ತು ಮಾರು ಜಾರಿಸಿದ ಛಾಯಾಚಿತ್ರ, ಇಷ್ಟು ದಕ್ಕುತ್ತವೆ. ಮನೆಯಿಂದ ಅಲ್ಲಿಗೆ ತಲುಪಲು ಮೂರು ದಿನ, ಮರಳಲು ಮೂರು ದಿನ ವ್ಯಯಿಸುವ ಗಡಿನಾಡಿನ ವಿದ್ಯಾರ್ಥಿಗೆ ಇದು ನಷ್ಟದ ವ್ಯಾಪಾರ. ಅದೇ ಪಯಣದ ಖರ್ಚಿನ ಮೇಲೆ ಒಂದಿಷ್ಟು ಸೇರಿಸಿ ಏಳು ಅಥವಾ ಹದಿನಾಲ್ಕು ದಿನಗಳ ತರಬೇತಿ ಶಿಬಿರಕ್ಕೆ ಸೇರಿದರೆ ವಸತಿ, ಊಟ, ಸಲಕರಣೆ, ಬೋಧನೆ ಎಲ್ಲವೂ ಒಂದೇ ಕಡೆ ದೊರೆಯುವ ಅನುಕೂಲವುಂಟು. ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮ, ಗುಲ್ಮಾರ್ಗಿನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀ ಮತ್ತು ಪರ್ವತಾರೋಹಣ ಸಂಸ್ಥೆ, ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಇಂಥ ಶಿಬಿರಗಳನ್ನು ನಡೆಸುತ್ತ ಬಂದಿವೆ. ಸರಕಾರಿ ಶಿಬಿರಗಳಲ್ಲಿ ಸ್ಥಾನಗಳು ಮಿತ. ವಯಸ್ಸಿನ ನಿಯಮ, ವೈದ್ಯಕೀಯ ಪ್ರಮಾಣಪತ್ರ, ಆ ವರ್ಷದ ಶುಲ್ಕ ಇವನ್ನು ಆಯಾ ಸಂಸ್ಥೆಯಿಂದಲೇ ನೇರವಾಗಿ ಕೇಳಿ ತಿಳಿಯತಕ್ಕದ್ದು. ಯಾರದೋ ಹಳೆಯ ಲೆಕ್ಕವನ್ನು ನಂಬಿ ಹೊರಡಬಾರದು.

ಎರಡನೆಯ ತೊಡಕು ಪಂಚಾಂಗದ್ದು. ಕಾಲೇಜಿಗೆ ದೀರ್ಘ ರಜೆ ದೊರೆಯುವುದು ದೀಪಾವಳಿಗೆ ಮತ್ತು ಬೇಸಿಗೆಗೆ. ಈ ಎರಡೂ ಕಾಲದಲ್ಲಿ ಔಲಿ, ಗುಲ್ಮಾರ್ಗಗಳ ಇಳಿಜಾರುಗಳು ಹುಲ್ಲುಗಾವಲುಗಳಾಗಿರುತ್ತವೆ. ಗುಲ್ಮಾರ್ಗವೆಂಬ ಹೆಸರಿನ ಅರ್ಥವೇ ಹೂವಿನ ಹುಲ್ಲುಗಾವಲು. ಗಢವಾಲಿನಲ್ಲಿ ಇಂಥ ಎತ್ತರದ ಬಯಲನ್ನು ಬುಗ್ಯಾಲ್ ಎನ್ನುತ್ತಾರೆ. ಗಡಿನಾಡಿನ ಭಾಷೆಯಲ್ಲಿ ಹೇಳುವುದಾದರೆ ಬೇಸಿಗೆಯಲ್ಲಿ ದನಕುರಿ ಮೇಯುವ ಗಾಯರಾಣವೇ ಚಳಿಗಾಲದಲ್ಲಿ ಆಟದ ಅಂಗಳವಾಗುತ್ತದೆ. ಹಿಮಾಲಯದ ಚಳಿಗಾಲದ ಹಿಮಕ್ಕೆ ಕಾರಣ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಪೂರ್ವಕ್ಕೆ ಸಾಗಿ ಬರುವ ವಾಯುಕ್ಷೋಭೆಗಳು. ಮರಾಠವಾಡವನ್ನು ನೆನೆಯಿಸುವ ಮುಂಗಾರಿಗೂ ಅದಕ್ಕೂ ಸಂಬಂಧವಿಲ್ಲ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಯನ್ನು ಚಿಲ್ಲೈ ಕಲಾನ್ ಎಂದೂ, ಅನಂತರದ ಇಪ್ಪತ್ತು ದಿನಗಳನ್ನು ಚಿಲ್ಲೈ ಖುರ್ದ್ ಎಂದೂ, ಕೊನೆಯ ಹತ್ತನ್ನು ಚಿಲ್ಲೈ ಬಚ್ಚಾ ಎಂದೂ ಎಣಿಸುತ್ತಾರೆ. ಮಳೆಯ ನಕ್ಷತ್ರಗಳನ್ನು ಎಣಿಸಿ ಬಿತ್ತುವವರಿಗೆ ಈ ಲೆಕ್ಕದ ಜಾಣ್ಮೆ ಬೇಗ ಅರ್ಥವಾದೀತು. ಹೊಲದಲ್ಲಿ ಎಳ್ಳಮಾವಾಸ್ಯೆಯ ಚರಗ ಚೆಲ್ಲಿ, ಸಂಕ್ರಾಂತಿ ಮುಗಿಸಿಕೊಂಡು ಜನವರಿಯ ನಡುವಿನಲ್ಲಿ ಹೊರಟು ಫೆಬ್ರುವರಿಯೊಳಗೆ ಮರಳುವುದೇ ಸರಿಯಾದ ಕಾಲ. ಆಗ ತರಗತಿಗಳು ನಡೆಯುತ್ತಿರುತ್ತವೆ; ಒಕ್ಕಲುತನದ ಮನೆಗಳಲ್ಲಿ ಜೋಳದ ಸುಗ್ಗಿಯೂ ಹತ್ತಿರವಾಗಿರುತ್ತದೆ. ಆದುದರಿಂದ ಹಾಜರಿಯ ಲೆಕ್ಕ, ಆಂತರಿಕ ಪರೀಕ್ಷೆಯ ದಿನಾಂಕ, ಮನೆಯ ಕೆಲಸ ಈ ಮೂರನ್ನೂ ದೀಪಾವಳಿಗೆ ಮೊದಲೇ ಹಿರಿಯರ ಮತ್ತು ಪ್ರಾಧ್ಯಾಪಕರ ಮುಂದಿಟ್ಟು ಒಪ್ಪಿಗೆ ಪಡೆಯಬೇಕಾಗುತ್ತದೆ. ಯೋಜನೆಯ ಅತ್ಯಂತ ಕಠಿಣ ಭಾಗ ಬಹುಶಃ ಇದೇ.

ಕಾಲ ಸರಿಯಾಗಿದ್ದರೂ ಹಿಮ ಬರುತ್ತದೆಂಬ ಭರವಸೆಯಿಲ್ಲ. 2024ರ ಜನವರಿಯ ಬಹುಭಾಗ ಗುಲ್ಮಾರ್ಗ ಬೋಳಾಗಿಯೇ ಇತ್ತು. 2025ರ ಫೆಬ್ರುವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಹಿಮದ ಅಭಾವದಿಂದ ಮಾರ್ಚ್‌ಗೆ ಮುಂದೆ ಹೋದವು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳಿಗಾಗಿ ಔಲಿಯಲ್ಲಿ ಕೃತಕ ಹಿಮ ತಯಾರಿಸುವ ಯಂತ್ರಗಳನ್ನೂ ಅದಕ್ಕೆ ನೀರೊದಗಿಸುವ ಕೊಳವನ್ನೂ ಸಿದ್ಧಪಡಿಸಲಾಗಿತ್ತು. ಆದರೆ ಗಾಳಿಯೇ ಸಾಕಷ್ಟು ತಣ್ಣಗಿರದಿದ್ದರೆ ಯಂತ್ರವೂ ನಿಸ್ಸಹಾಯಕ. 2023ರಲ್ಲಿ ಅಲ್ಲಿನ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಹಿಮವಿಲ್ಲದ ಕಾರಣಕ್ಕೆ ಕೈಬಿಡಬೇಕಾಯಿತು. ಬರಗಾಲವೆಂಬುದು ಮರಾಠವಾಡದವರಿಗೆ ಹೊಸದಲ್ಲ. ಹಿಮಕ್ಕೂ ಬರವುಂಟೆಂಬುದಷ್ಟೇ ಹೊಸ ಸಂಗತಿ.

ಇನ್ನು ಸ್ಥಳದ ಆಯ್ಕೆ. ಔಲಿಯು ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಜೋಶಿಮಠದ ಮೇಲ್ಭಾಗದಲ್ಲಿ, ಸುಮಾರು 2500ರಿಂದ 3000 ಮೀಟರ್ ಎತ್ತರದಲ್ಲಿದೆ. ಬದರೀನಾಥದ ಯಾತ್ರೆ ಮಾಡಿ ಬಂದ ಅಜ್ಜ ಅಜ್ಜಿಯರಿಗೆ ಈ ದಾರಿ ಗೊತ್ತು. ಉಮರ್ಗಾದವರು ಹೆದ್ದಾರಿ ಹಿಡಿದು ಹುಮನಾಬಾದ, ಜಹೀರಾಬಾದಗಳ ಮೂಲಕ ಹೈದರಾಬಾದಿಗೆ, ಉದಗೀರದವರು ರೈಲಿನಲ್ಲಿ ಬೀದರದ ಮೂಲಕ ಅಲ್ಲಿಗೇ ಬಂದು ದಿಲ್ಲಿಯ ಗಾಡಿ ಹಿಡಿಯಬಹುದು. ನಿಲಂಗಾದಲ್ಲಿ ರೈಲಿಲ್ಲದುದರಿಂದ ಅಲ್ಲಿಯವರು ಉದಗೀರಕ್ಕೋ ಲಾತೂರಿಗೋ ಬರಬೇಕು. ದಿಲ್ಲಿಯಿಂದ ಹರಿದ್ವಾರ ಅಥವಾ ಹೃಷೀಕೇಶ. ಅಲ್ಲಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಬೆಟ್ಟದ ರಸ್ತೆ. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗಗಳನ್ನು ದಾಟುತ್ತ ಒಂದು ಹಗಲು ಪೂರ್ತಿ ಬೇಕು. ಬೆಳಕು ಹರಿಯುವ ಮುನ್ನವೇ ಹೊರಡುವುದು ಕ್ಷೇಮ. ಜೋಶಿಮಠದಿಂದ ಔಲಿಗೆ ಸುಮಾರು ನಾಲ್ಕು ಕಿ.ಮೀ. ಉದ್ದದ ಹಗ್ಗದ ತೊಟ್ಟಿಲು ದಾರಿಯಿತ್ತು. 2023ರ ಆರಂಭದಲ್ಲಿ ಊರಿನ ನೆಲವೇ ಕುಸಿದು ಮನೆಗಳು ಬಿರುಕು ಬಿಟ್ಟಾಗ ಅದನ್ನು ನಿಲ್ಲಿಸಲಾಯಿತು. ಕಿಲ್ಲಾರಿಯ 1993ರ ಭೂಕಂಪದ ನೆನಪಿರುವ ಸೀಮೆಯವರಿಗೆ ಆ ಊರಿನ ಬಿರುಕುಗೋಡೆಗಳನ್ನು ಕಂಡರೆ ಏನನ್ನಿಸೀತೆಂಬುದನ್ನು ವಿವರಿಸಬೇಕಿಲ್ಲ. ತೊಟ್ಟಿಲು ನಡೆಯುತ್ತಿದೆಯೋ ಇಲ್ಲವೋ ಎಂದು ವಿಚಾರಿಸಿಯೇ ಹೊರಡಬೇಕು. ಇಲ್ಲವಾದರೆ ರಸ್ತೆಯೇ ಗತಿ.

ಗುಲ್ಮಾರ್ಗವು ಬಾರಾಮುಲ್ಲಾ ಜಿಲ್ಲೆಯಲ್ಲಿ, ಸುಮಾರು 2650 ಮೀಟರ್ ಎತ್ತರದಲ್ಲಿದೆ. ಶ್ರೀನಗರದಿಂದ ಐವತ್ತು ಕಿ.ಮೀ. 2025ರ ಜೂನ್‌ನಲ್ಲಿ ಕಟ್ರಾದಿಂದ ಶ್ರೀನಗರಕ್ಕೆ ರೈಲು ಆರಂಭವಾದುದರಿಂದ ವಿಮಾನವಿಲ್ಲದೆಯೂ ತಲುಪಬಹುದಾಗಿದೆ. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ; ಗುಂಪಿನಲ್ಲಿ ಒಬ್ಬಿಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಬೇಕು. ಭದ್ರತೆಯ ಸೂಚನೆಗಳನ್ನು ಹೊರಡುವ ವಾರದಲ್ಲಿ ಮತ್ತೊಮ್ಮೆ ನೋಡಬೇಕು. ಅಲ್ಲಿನ ಗೊಂಡೋಲಾ ಎರಡು ಹಂತಗಳಲ್ಲಿ ಏರುತ್ತದೆ: ಮೊದಲನೆಯದು ಕೊಂಗ್‌ಡೂರಿಗೆ, ಎರಡನೆಯದು ಅಫರ್ವತ್ ಶಿಖರದ ಹೆಗಲಿಗೆ, ಹೆಚ್ಚುಕಡಿಮೆ 4000 ಮೀಟರ್ ಎತ್ತರಕ್ಕೆ. ಹೊಸಬರಿಗೆ ಕೆಳಗಿನ ಬಟ್ಟಲಿನಾಕಾರದ ಬಯಲೇ ಸಾಕು. ಮೇಲಿನ ಇಳಿಜಾರುಗಳಲ್ಲಿ ಗುರುತಿಸಿದ ಎಲ್ಲೆಯನ್ನು ಮೀರಿದ ಕಡೆ ನುರಿತವರೂ ಸತ್ತಿದ್ದಾರೆ. 2023ರ ಫೆಬ್ರುವರಿಯಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಜಾರಾಟಗಾರರು ಮಡಿದರು. ಗಡಿನಾಡಿನಿಂದ ಹೋಗುವ ಮೊದಲ ಗುಂಪಿಗೆ ಖರ್ಚಿನ ದೃಷ್ಟಿಯಿಂದಲೂ ಪರಿಚಿತ ಯಾತ್ರಾಪಥವೆಂಬ ಕಾರಣದಿಂದಲೂ ಔಲಿಯೇ ಮೇಲು. ಹಿಮದ ಪ್ರಮಾಣದಲ್ಲಿ ಗುಲ್ಮಾರ್ಗದ ಮೇಲುಗೈಯನ್ನು ಮಾತ್ರ ಅಲ್ಲಗಳೆಯಲಾಗದು.

ಬಾಲಾಘಾಟದ ಪ್ರಸ್ಥಭೂಮಿಯಿಂದ ಹೊರಟವರು ಮೂರು ದಿನಗಳಲ್ಲಿ ಎರಡು ಸಾವಿರ ಮೀಟರಿಗೂ ಹೆಚ್ಚು ಮೇಲೇರುತ್ತಾರೆ. ತಲೆನೋವು, ವಾಕರಿಕೆ, ನಿದ್ದೆಗೇಡು ಬರಬಹುದು. ತಲುಪಿದ ದಿನ ಸುಮ್ಮನಿದ್ದು ನೀರು ಕುಡಿಯುವುದು, ನೋವು ಹೆಚ್ಚಿದರೆ ಕೆಳಗಿಳಿಯುವುದು ಇದಕ್ಕೆ ಮದ್ದು. ಹೊರಡುವ ಎರಡು ತಿಂಗಳ ಮೊದಲಿನಿಂದ ನಿತ್ಯ ಬೈಠಕು ಹೊಡೆದು ತೊಡೆಗಳನ್ನು ಗಟ್ಟಿಮಾಡಿಕೊಂಡವರು ಮೂರನೆಯ ದಿನ ಹಾಸಿಗೆ ಹಿಡಿಯುವುದಿಲ್ಲ. ಉದಗೀರದ ಕೋಟೆಯ ಮೆಟ್ಟಿಲುಗಳೂ ಒಳ್ಳೆಯ ಗರಡಿಯೇ. ಉಡುಪಿನಲ್ಲಿ ಹತ್ತಿಯನ್ನು ಮೈಗೆ ತಾಗಿಸಬಾರದು. ಅದು ಬೆವರನ್ನು ಹಿಡಿದಿಟ್ಟು ಆಟ ನಿಂತೊಡನೆ ಮೈಯನ್ನು ಕೊರೆಯುತ್ತದೆ. ಉಣ್ಣೆ ಒದ್ದೆಯಾದರೂ ಬಿಸಿ ಬಿಡದು. ಮಳೆಯಲ್ಲಿ ಕಂಬಳಿಗೊಪ್ಪೆ ಹೊದ್ದು ಕುರಿ ಕಾಯುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಒಳಗೆ ತೆಳು ಉಣ್ಣೆ, ನಡುವೆ ದಪ್ಪ ಸ್ವೆಟರ್, ಹೊರಗೆ ಗಾಳಿ ನೀರು ತಡೆಯುವ ಅಂಗಿ ಹೀಗೆ ಪದರಗಳಿರಲಿ. ಹೊಸ ಹಿಮವು ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಎಂಬತ್ತು ಪಾಲಿಗಿಂತ ಹೆಚ್ಚನ್ನು ಮರಳಿಸುತ್ತದೆ, ಆದುದರಿಂದ ಕಪ್ಪು ಕನ್ನಡಕವಿಲ್ಲದೆ ಇಳಿಜಾರಿಗೆ ಕಾಲಿಡಕೂಡದು. ಸ್ಕೀ, ಬೂಟು, ಕೋಲು, ಶಿರಸ್ತ್ರಾಣಗಳನ್ನು ಕೊಳ್ಳುವುದು ಬೇಡ, ಶಿಬಿರದಲ್ಲಿ ದೊರೆಯುತ್ತವೆ. ಬೂಟು ಮಾತ್ರ ಸಡಿಲವಾಗಿರಬಾರದು. ಸಡಿಲ ಬೂಟಿನವನ ಮಾತನ್ನು ಹಲಗೆ ಕೇಳುವುದಿಲ್ಲ.

ಶಿಬಿರದ ಮೊದಲ ಪಾಠ ಬೀಳುವುದು ಮತ್ತು ಏಳುವುದು. ಎರಡನೆಯದು ನಿಲ್ಲುವುದು: ಸ್ಕೀಗಳ ಮುಂದಿನ ತುದಿಗಳನ್ನು ಹತ್ತಿರಕ್ಕೆ ತಂದು ಹಿಂದಿನ ತುದಿಗಳನ್ನು ಅಗಲಿಸಿ, ಒಳ ಅಂಚುಗಳಿಂದ ಹಿಮವನ್ನು ಒತ್ತಿದರೆ ವೇಗ ತಗ್ಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಹಿಮದ ನೇಗಿಲು ಎಂಬರ್ಥದ ಹೆಸರಿದೆ. ಅದು ದಾರಿಯ ಹಿಮವನ್ನು ಬದಿಗೆ ತಳ್ಳುವ ಸಾಧನದ ಹೆಸರು. ಉಳುವ ನೇಗಿಲಿನ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಭಂಗಿ ತಪ್ಪೀತು. ತಿರುವು, ನಿಯಂತ್ರಣ, ಎತ್ತುಯಂತ್ರದ ಬಳಕೆ ಇವೆಲ್ಲ ಆಮೇಲಿನವು. ಏಳು ದಿನಗಳಲ್ಲಿ ಸಾಮಾನ್ಯನೊಬ್ಬ ಸಣ್ಣ ಇಳಿಜಾರಿನಲ್ಲಿ ತನ್ನಿಚ್ಛೆಯಂತೆ ನಿಲ್ಲಬಲ್ಲವನಾದರೆ ಅದೇ ದೊಡ್ಡದು.

ಹಿಮವಿಲ್ಲದ ನಾಡಿನವರಿಗೆ ಇದು ಒಲಿಯದೆಂಬ ಮಾತಿಗೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರೇ ಉತ್ತರ. ಪರ್ವತಾರೋಹಣದ ದಾರಿಯಿಂದ ಸ್ಕೀಗೆ ಬಂದ ಅವರು ಗುಲ್ಮಾರ್ಗದ ರಾಷ್ಟ್ರೀಯ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದು, 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಸ್ಪರ್ಧೆಯ 5 ಕಿ.ಮೀ. ಓಟದಲ್ಲಿ ಕಂಚಿನ ಪದಕ ಪಡೆದರು. ಅವರದು ಹಿಮ್ಮಡಿ ಬಿಡುವಾಗಿರುವ, ದೂರ ಸಾಗುವ ಬಗೆ. ಇಳಿಜಾರಿಗಿಂತ ಉಸಿರನ್ನು ಹೆಚ್ಚು ಬೇಡುವ ಆಟ.

ಮುಂಗಡ ಕಟ್ಟುವ ಮೊದಲು ಎರಡು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ಹಿಮ ಬೀಳದೆ ಶಿಬಿರ ರದ್ದಾದರೆ ಹಣ ಮರಳುವುದೋ, ಬೇರೆ ದಿನಾಂಕ ದೊರೆಯುವುದೋ ಎಂಬುದು ಒಂದು. ಪ್ರವಾಸದ ವಿಮೆಯು ಜಾರಾಟದಲ್ಲಾದ ಪೆಟ್ಟಿಗೂ ಅನ್ವಯಿಸುವುದೋ ಎಂಬುದು ಮತ್ತೊಂದು; ಅನೇಕ ಪಾಲಿಸಿಗಳು ಸಾಹಸಕ್ರೀಡೆಯನ್ನು ಹೊರಗಿಟ್ಟಿರುತ್ತವೆ. ಮರಳುವ ರೈಲಿನ ಟಿಕೆಟನ್ನು ಶಿಬಿರ ಮುಗಿದ ಮರುದಿನಕ್ಕೆ ಮಾಡಿಸದೆ ಎರಡು ದಿನ ಸಡಿಲ ಬಿಟ್ಟಿರಬೇಕು, ಏಕೆಂದರೆ ಒಂದು ರಾತ್ರಿಯ ಹಿಮವೇ ರಸ್ತೆಯನ್ನು ಮುಚ್ಚಬಲ್ಲದು. ಆ ದಿನಗಳು ಉಳಿದರೆ ಜೋಶಿಮಠದಲ್ಲಿ ಕಳೆಯಬಹುದು. ಚಳಿಗಾಲದಲ್ಲಿ ಬದರಿಯ ಬಾಗಿಲು ಮುಚ್ಚಿದಾಗ ಶಂಕರಾಚಾರ್ಯರ ಗದ್ದುಗೆಯನ್ನು ಅಲ್ಲಿನ ನರಸಿಂಹ ದೇವಾಲಯಕ್ಕೆ ತಂದಿರಿಸುತ್ತಾರೆ. ಬೇಸಿಗೆಯ ಯಾತ್ರೆಗೆ ಹೋದ ಅಜ್ಜ ಅಜ್ಜಿಯರಿಗೆ ಅದು ಅಲ್ಲಿ ಕಂಡಿರಲಾರದು.