ಬಿಸಿಲಿನ ಲೆಕ್ಕ, ಸೆಕೆಯ ಲೆಕ್ಕ

ಬೇಸಿಗೆ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಫ್ಯಾನಿನ ಕೆಳಗೆ ಕೂತು ಕಡತ ನೋಡುವವರ ಬಗ್ಗೆ ಇಷ್ಟು ಕಾಳಜಿ ಇರುವುದು ಒಳ್ಳೆಯದೇ. ಆದರೆ ಅದೇ ಕಚೇರಿಯ ಮುಂದಿನ ರಸ್ತೆಗೆ ಡಾಂಬರು ಹಾಕುವವರ ವೇಳೆ ಗುತ್ತಿಗೆದಾರನ ಗಡುವಿನ ಮೇಲೆ ನಿಂತಿದೆ. ಟಿಪ್ಪರ್‌ನಿಂದ ಸುರಿಯುವ ಜಲ್ಲಿ-ಡಾಂಬರಿನ ಮಿಶ್ರಣ ಸುಮಾರು 150 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಸಲಿಕೆಯಲ್ಲಿ ಅದನ್ನು ಹರಡುವವನಿಗೆ ಮೇಲಿಂದ ಸೂರ್ಯನ ಉರಿ, ಕೆಳಗಿಂದ ರಸ್ತೆಯ ಉರಿ. ಆ ದಿನ 42 ಡಿಗ್ರಿ ಇತ್ತೆಂದು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಅದು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ತೆಗೆದ ಅಳತೆ. ಅವನು ನಿಂತಿದ್ದ ಜಾಗದ್ದಲ್ಲ.

ಹೊರಗಿನ ಶಾಖ ಅರ್ಧ ಕತೆ ಮಾತ್ರ. ಬಿರುಸಾಗಿ ದುಡಿಯುವ ದೇಹ ತಾನೇ 400 ವಾಟ್‌ನಷ್ಟು ಶಾಖ ಹುಟ್ಟಿಸುತ್ತದೆ. ಅದು ಹೊರಹೋಗದೆ ಒಳಗೇ ಉಳಿದರೆ ಹೆಚ್ಚುಕಡಿಮೆ ಹತ್ತು ನಿಮಿಷಕ್ಕೊಂದು ಡಿಗ್ರಿಯಂತೆ ಮೈ ಕಾಯುತ್ತಾ ಹೋಗುತ್ತದೆ. 37ರಿಂದ ಅಪಾಯದ 40ಕ್ಕೆ ಮುಟ್ಟಲು ಅರ್ಧ ಗಂಟೆ ಸಾಕು. ಹಾಗಾಗದಂತೆ ತಡೆಯುವುದು ಬೆವರು. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಆವಿಯಾಗಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈ ತಂಪಾಗುವುದಿಲ್ಲ, ಮೈಯ ನೀರು-ಉಪ್ಪು ಖಾಲಿಯಾಗುತ್ತದೆ ಅಷ್ಟೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಆಗುವುದು ಇದೇ.

ಇದನ್ನೆಲ್ಲ ಒಂದೇ ಸಂಖ್ಯೆಗೆ ಇಳಿಸಿದ್ದು ಒಂದು ಸೇನಾ ತರಬೇತಿ ಶಿಬಿರ. 1950ರ ದಶಕದಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದ ಪ್ಯಾರಿಸ್ ಐಲೆಂಡ್‌ನಲ್ಲಿ ಮರೀನ್ ದಳಕ್ಕೆ ಹೊಸದಾಗಿ ಸೇರಿದ ಹುಡುಗರು ಕವಾಯತಿನ ನಡುವೆ ಕುಸಿದು ಬೀಳುತ್ತಿದ್ದರು. ಅಲ್ಲಿ ಅಧ್ಯಯನ ನಡೆಸಿದ ಯಾಗ್ಲೂ ಮತ್ತು ಮಿನಾರ್ಡ್ 1957ರಲ್ಲಿ ಒಂದು ಸೂತ್ರ ಪ್ರಕಟಿಸಿದರು. ಮೂರು ತಾಪಮಾಪಕಗಳನ್ನು ಕೆಲಸದ ಜಾಗದಲ್ಲೇ ಇಡಬೇಕು. ಒಂದರ ಬುರುಡೆಗೆ ಒದ್ದೆ ಬತ್ತಿ ಸುತ್ತಿರುತ್ತದೆ. ಬೆವರು ಎಷ್ಟು ಆರೀತು ಎಂಬುದನ್ನು ಅದು ಹೇಳುತ್ತದೆ. ಇನ್ನೊಂದನ್ನು 15 ಸೆಂಟಿಮೀಟರ್ ವ್ಯಾಸದ, ಕಪ್ಪು ಬಳಿದ ತಾಮ್ರದ ಟೊಳ್ಳು ಗುಂಡಿನೊಳಗೆ ತೂರಿಸಿರುತ್ತಾರೆ. ಬಿಸಿಲು, ಕುಲುಮೆ, ಕಾದ ರಸ್ತೆಗಳಿಂದ ಸೂಸಿ ಬರುವ ಶಾಖವೆಲ್ಲ ಅದಕ್ಕೆ ತಗಲುತ್ತದೆ. ಮೂರನೆಯದು ನಮ್ಮ ಮಾಮೂಲಿ ತಾಪಮಾಪಕ. ಬಯಲಿನ ಕೆಲಸಕ್ಕಾದರೆ ಒದ್ದೆ ಬತ್ತಿಯದಕ್ಕೆ ನೂರರಲ್ಲಿ 70 ಪಾಲು, ಕಪ್ಪು ಗುಂಡಿಗೆ 20, ಮಾಮೂಲಿಗೆ ಬರೀ 10. ನಾವು ದಿನವೂ ಚರ್ಚಿಸುವ ಆ ಅಂಕಿಗೆ ಹತ್ತನೇ ಒಂದರಷ್ಟು ಬೆಲೆ! ಇಂಗ್ಲಿಷಿನ ಮೊದಲಕ್ಷರಗಳಿಂದ ಈ ಸೂಚ್ಯಂಕವನ್ನು ಡಬ್ಲ್ಯುಬಿಜಿಟಿ ಎನ್ನುತ್ತಾರೆ.

ಲೆಕ್ಕ ಹಾಕಿ ನೋಡೋಣ. ರಾಯಚೂರಿನ ಒಂದು ಮಧ್ಯಾಹ್ನ ಗಾಳಿ 42, ಒದ್ದೆ ಬತ್ತಿ 25, ಕಪ್ಪು ಗುಂಡು 56 ಡಿಗ್ರಿ ತೋರಿಸಿತೆಂದುಕೊಳ್ಳಿ. ಸೂಚ್ಯಂಕ 32.9. ಅದೇ ಹೊತ್ತಿಗೆ ಮಂಗಳೂರಿನಲ್ಲಿ ಗಾಳಿ ಬರೀ 34. ಆದರೆ ಒದ್ದೆ ಬತ್ತಿ 29, ಗುಂಡು 48. ಸೂಚ್ಯಂಕ 33.3. ಎಂಟು ಡಿಗ್ರಿ ‘ತಂಪಾದ’ ಊರೇ ದುಡಿಯುವವನಿಗೆ ತುಸು ಹೆಚ್ಚು ಅಪಾಯಕಾರಿ. ಬಿಸಿಲು ಬೇರೆ, ಸೆಕೆ ಬೇರೆ ಎಂದು ಕರಾವಳಿಯವರು ಸುಮ್ಮನೆ ಹೇಳುವುದಿಲ್ಲ.

ಈ ಸಂಖ್ಯೆಯನ್ನು ಕೆಲಸದ ಭಾರದ ಜೊತೆ ಇಟ್ಟು ನೋಡಬೇಕು. ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 7243ರ ಪ್ರಕಾರ ಶಾಖಕ್ಕೆ ಒಗ್ಗಿದವರಿಗೆ ಮಧ್ಯಮ ಶ್ರಮದ ಕೆಲಸದಲ್ಲಿ ಮಿತಿ 28, ಭಾರದ ಕೆಲಸದಲ್ಲಿ 26. ಒಗ್ಗದವರಿಗೆ ಭಾರದ ಕೆಲಸದ ಮಿತಿ 23ಕ್ಕೆ ಇಳಿಯುತ್ತದೆ. ಮಿತಿ ಮೀರಿತೆಂದರೆ ಕೆಲಸಕ್ಕೆ ಬೀಗ ಹಾಕಬೇಕೆಂದಲ್ಲ. ಹೊತ್ತು ಬದಲಿಸಬೇಕು, ನೆರಳಲ್ಲಿ ಕೂರಿಸಬೇಕು, ಒಬ್ಬನ ಕೆಲಸವನ್ನು ಇಬ್ಬರಿಗೆ ಹಂಚಬೇಕು. ನರೇಗಾ ಕಾಮಗಾರಿಗಳಲ್ಲಿ ಬೇಸಿಗೆಗೆಂದು ಕೆಲಸದ ಪ್ರಮಾಣದಲ್ಲೇ ರಿಯಾಯಿತಿ ಕೊಟ್ಟಾಗ ನಮ್ಮ ರಾಜ್ಯ ಮಾಡಿದ್ದು ಇದನ್ನೇ: ಬಿಸಿಲನ್ನು ಇಳಿಸಲಾಗದು, ಅಗೆಯಬೇಕಾದ ಮಣ್ಣನ್ನು ಇಳಿಸಬಹುದು. ಗುತ್ತಿಗೆ ಲೆಕ್ಕದಲ್ಲಿ ದುಡಿಯುವವರಿಗೆ ಆ ಸವಲತ್ತು ಇಲ್ಲ. ಕೂತಷ್ಟು ಹೊತ್ತು ಕೂಲಿ ಖೋತಾ ಆಗುವುದಾದರೆ ಯಾವ ಸಲಹೆ ಫಲಕವೂ ಅವರನ್ನು ನೆರಳಿಗೆ ಕರೆತರದು ಎಂದೇ ನನ್ನ ಅನಿಸಿಕೆ.

ಇನ್ನು ಒಗ್ಗುವ ವಿಷಯ. ಅಪಾಯವನ್ನು ಅಳೆಯುವವರು ಹೆಚ್ಚಾಗಿ ಮರೆಯುವುದು ಇದನ್ನೇ. ದಿನವೂ ಶಾಖದಲ್ಲಿ ದುಡಿದರೆ ಒಂದೆರಡು ವಾರದಲ್ಲಿ ದೇಹ ಬದಲಾಗುತ್ತದೆ. ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ ಇರುತ್ತದೆ. ಬಯಲಿನಲ್ಲಿ ದುಡಿಯುವವರ ಶಾಖದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಶುರುಮಾಡಿದ ಮೊದಲ ಕೆಲವೇ ದಿನಗಳಲ್ಲಿ ಆಗುತ್ತವೆ ಎಂದು ಅಮೆರಿಕದ ದಾಖಲೆಗಳು ಹೇಳುತ್ತವೆ. ಹೊಸಬನಿಗೆ ಮೊದಲ ದಿನ ಐದನೇ ಒಂದರಷ್ಟು ಹೊತ್ತು ಮಾತ್ರ ಕೆಲಸ ಕೊಟ್ಟು, ದಿನಕ್ಕಿಷ್ಟು ಏರಿಸುತ್ತಾ ಹೋಗಿ ಎನ್ನುವುದು ಅಲ್ಲಿನ ಸಲಹೆ. ಜಾತ್ರೆಗೆಂದು ಊರಿಗೆ ಹೋಗಿ ಮೂರು ವಾರ ಬಿಟ್ಟು ಬಂದ ಹಳಬನೂ ಈ ಲೆಕ್ಕದಲ್ಲಿ ಹೊಸಬನೇ.

ಒದ್ದೆ ಬತ್ತಿಯ ಲೆಕ್ಕವನ್ನು ಗಣಿಗಳು ಬೇಗ ಕಲಿತವು, ಕಲಿಯದೆ ಗತಿ ಇರಲಿಲ್ಲ. ಕೋಲಾರದ ಚಾಂಪಿಯನ್ ರೀಫ್ ಗಣಿ ಮೂರು ಕಿಲೊಮೀಟರಿಗೂ ಆಳಕ್ಕೆ ಇಳಿದಿತ್ತು. ತಳದ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಲೋಹ ಗಣಿಗಳ 1961ರ ನಿಯಮಾವಳಿ ಒದ್ದೆ ಬತ್ತಿಯ ತಾಪ 33.5 ಮೀರಬಾರದು, 30.5 ದಾಟಿದರೆ ಸೆಕೆಂಡಿಗೆ ಕನಿಷ್ಠ ಒಂದು ಮೀಟರ್ ವೇಗದ ಗಾಳಿ ಬೀಸುತ್ತಿರಬೇಕು ಎಂದು ಬರೆದಿಟ್ಟಿತು.

ಶಾಖ ಅಳೆಯುವ ಸಾಧನ ಇಲ್ಲದ ಕಡೆ ಮೇಸ್ತ್ರಿಯ ಕಣ್ಣೇ ಆಧಾರ. ‘ಹುಷಾರಿದ್ದೀಯಾ?’ ಎಂದು ಕೇಳಿ ಸುಮ್ಮನಾದರೆ ಆಗದು, ಶಾಖ ಮಿದುಳಿಗೆ ತಟ್ಟಿದವನು ‘ನನಗೇನಾಗಿಲ್ಲ’ ಎಂದೇ ಹೇಳುತ್ತಾನೆ. ಮಾತು ತೊದಲುವುದು, ಹೆಜ್ಜೆ ತಪ್ಪುವುದು, ಸುಮ್ಮಸುಮ್ಮನೆ ರೇಗುವುದು ಇವನ್ನು ಜೊತೆಗಾರನೇ ಗಮನಿಸಬೇಕು. ಅದಕ್ಕೇ ಯಾರನ್ನೂ ಒಂಟಿಯಾಗಿ ಕೆಲಸಕ್ಕೆ ಬಿಡಬಾರದು. ಬೆವರು ನಿಂತರೆ ಮಾತ್ರ ಬಿಸಿಲಾಘಾತ ಎಂಬ ನಂಬಿಕೆಯೂ ತಪ್ಪು. ದುಡಿಯುತ್ತಾ ಬಿದ್ದವನ ಮೈ ಬೆವರಿನಿಂದ ತೊಯ್ದಿರಬಹುದು. ಪೂರ್ತಿ ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬೇಡಿ. 108ಕ್ಕೆ ಕರೆ ಮಾಡಿ, ನೆರಳಿಗೆ ಎಳೆದು, ಡ್ರಮ್ಮಿನಲ್ಲಿರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಹಾಕುತ್ತಿರಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.