ಸ್ಪ್ರಿಂಗ್ ಬೂಟ್ ಕಲಿಯೋ ಮುಂಚೆ ಒಮ್ಮೆ ಉಗ್ರಾಣ ನೋಡಿ

ಬೆಂಗಳೂರಿನ ಯಾವ ಬಸ್ ಸ್ಟಾಪ್‌ನಲ್ಲಿ ನಿಂತರೂ "ಜಾವಾ ಫುಲ್‌ಸ್ಟ್ಯಾಕ್" ಕೋಚಿಂಗ್‌ನ ಒಂದು ಪೋಸ್ಟರ್ ಕಾಣುತ್ತೆ. ಪ್ಲೇಸ್‌ಮೆಂಟ್ ಹತ್ತಿರ ಬಂದಾಗ ನಮ್ಮಲ್ಲಿ ಎಷ್ಟೋ ಜನ ಅಲ್ಲಿಗೆ ಸೇರ್ತೀವಿ, ಫೀಸ್ ಮನೆಯವರು ಕಟ್ಟುತ್ತಾರೆ. ಹಾಗಾಗಿ ಅಲ್ಲಿ ಏನನ್ನು ಯಾವ ಕ್ರಮದಲ್ಲಿ ಕಲಿಸಬೇಕು ಅನ್ನೋದು ಸೆಕೆಂಡ್ ಇಯರ್‌ನಲ್ಲೇ ನಮಗೆ ಗೊತ್ತಿದ್ದರೆ ಒಳ್ಳೇದು. ಈ ಕೋರ್ಸ್‌ಗಳಲ್ಲಿ ಮುಖ್ಯವಾಗಿ ಬರುವ ಫ್ರೇಮ್‌ವರ್ಕ್ ಸ್ಪ್ರಿಂಗ್ ಬೂಟ್. ಅದನ್ನೇ ತಗೊಂಡು ನೋಡೋಣ.

ಫ್ರೇಮ್‌ವರ್ಕ್ ಅಂದ್ರೆ ಏನು?

ಲೈಬ್ರರಿಯನ್ನು ನಾವು ಕರೀತೀವಿ. ಫ್ರೇಮ್‌ವರ್ಕ್ ನಮ್ಮ ಕೋಡನ್ನು ಕರೆಯುತ್ತೆ. ವ್ಯತ್ಯಾಸ ಇಷ್ಟೇ, ಆದರೆ ಗೊಂದಲವೆಲ್ಲ ಶುರುವಾಗೋದು ಇಲ್ಲಿಂದಲೇ. ಫಸ್ಟ್ ಇಯರ್ ಪ್ರೋಗ್ರಾಮ್‌ಗಳಲ್ಲಿ ಮೇನ್ ಮೆಥಡ್‌ನಿಂದ ಶುರುಮಾಡಿ ಯಾವ ಸಾಲು ಯಾವಾಗ ಓಡುತ್ತೆ ಅಂತ ಬೆರಳಿಟ್ಟು ತೋರಿಸಬಹುದಿತ್ತು. ಸ್ಪ್ರಿಂಗ್‌ನಲ್ಲಿ ನಾವು ಒಂದು ಕ್ಲಾಸ್ ಬರೆದು ಸುಮ್ಮನಾಗ್ತೀವಿ. ಅದರ ಆಬ್ಜೆಕ್ಟ್ ಮಾಡಿದ್ದು ಯಾರು, ಮೆಥಡ್ ಕರೆದಿದ್ದು ಯಾರು ಅನ್ನೋದು ಕಣ್ಣಿಗೆ ಕಾಣಲ್ಲ.

ಮದುವೆ ಮನೆ ನೆನಪು ಮಾಡ್ಕೊಳ್ಳಿ. ಅಡುಗೆ ಭಟ್ಟರು ತಾವೇ ಅಂಗಡಿಗೆ ಹೋಗಲ್ಲ, ಸಾಮಾನಿನ ಪಟ್ಟಿ ಬರೆದು ಕೊಡ್ತಾರೆ. ಮನೆಯವರು ಎಲ್ಲಾ ತಂದು ಉಗ್ರಾಣದಲ್ಲಿ ಇಟ್ಟಿರುತ್ತಾರೆ, ಬೇಕಾದ್ದು ಭಟ್ಟರ ಕೈಗೆ ಬರುತ್ತೆ. ಸ್ಪ್ರಿಂಗ್‌ನಲ್ಲಿ ಕನ್‌ಸ್ಟ್ರಕ್ಟರ್‌ನ ಪ್ಯಾರಾಮೀಟರ್‌ಗಳೇ ಆ ಪಟ್ಟಿ. ಕಂಟೇನರ್ ಅನ್ನೋದು ಉಗ್ರಾಣ, ಅದರೊಳಗಿನ ಒಂದೊಂದು ಆಬ್ಜೆಕ್ಟ್ ಒಂದೊಂದು ಬೀನ್. ಪಟ್ಟಿ ನೋಡಿ ಸಾಮಾನು ತಲುಪಿಸೋ ಕೆಲಸಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಅನ್ನೋ ದೊಡ್ಡ ಹೆಸರು.

ಇದು ಗೊತ್ತಿದ್ದರೆ "ಈ ಟೈಪಿನ ಬೀನ್ ಸಿಗಲಿಲ್ಲ" ಅನ್ನೋ ಎರರ್‌ಗೆ ಹೆದರಬೇಕಿಲ್ಲ. ಪಟ್ಟಿಯಲ್ಲಿರೋದು ಉಗ್ರಾಣದಲ್ಲಿ ಇಲ್ಲ ಅಂತಷ್ಟೇ ಅದರ ಅರ್ಥ. ಯಾಕಿಲ್ಲ? ಒಂದೋ ಕ್ಲಾಸ್ ಮೇಲೆ @ಸರ್ವಿಸ್ ತರಹದ ಗುರುತು ಹಾಕಿಲ್ಲ, ಇಲ್ಲಾ ಕ್ಲಾಸ್ ಬೇರೆ ಪ್ಯಾಕೇಜ್‌ನಲ್ಲಿದೆ. ನಾವು ಬೇರೆ ಹೇಳದಿದ್ದರೆ ಸ್ಪ್ರಿಂಗ್ ಬೂಟ್ ಹುಡುಕೋದು ಮೇನ್ ಕ್ಲಾಸ್ ಇರುವ ಪ್ಯಾಕೇಜ್ ಮತ್ತು ಅದರ ಒಳಗಿನ ಪ್ಯಾಕೇಜ್‌ಗಳಲ್ಲಿ ಮಾತ್ರ. ಅನೋಟೇಶನ್ ಅನ್ನೋದು ಬರೀ ಚೀಟಿ. ಅದನ್ನು ಯಾರಾದ್ರೂ ಬಂದು ಓದಿದರೆ ಮಾತ್ರ ಕೆಲಸ ಆಗುತ್ತೆ.

ಇಷ್ಟೆಲ್ಲ ಯಾಕೆ ಬಂತು?

2000ದ ಆಸುಪಾಸಿನಲ್ಲಿ ಜಾವಾದ ಎಂಟರ್‌ಪ್ರೈಸ್ ಬೀನ್‌ಗಳಲ್ಲಿ ಒಂದು ಸಣ್ಣ ಕೆಲಸಕ್ಕೂ ಹಲವು ಇಂಟರ್‌ಫೇಸ್, ಉದ್ದುದ್ದ ಎಕ್ಸ್‌ಎಂಎಲ್ ಬರೀಬೇಕಿತ್ತು. ರಾಡ್ ಜಾನ್ಸನ್ 2002ರಲ್ಲಿ ತಮ್ಮ ಪುಸ್ತಕದಲ್ಲಿ ಇದಕ್ಕಿಂತ ಹಗುರವಾದ ದಾರಿ ತೋರಿಸಿದರು. ಆ ಪುಸ್ತಕದ ಕೋಡೇ ಬೆಳೆದು 2004ರಲ್ಲಿ ಸ್ಪ್ರಿಂಗ್ 1.0 ಆಯ್ತು. ಆಮೇಲೆ ಸ್ಪ್ರಿಂಗ್‌ನ ಕಾನ್ಫಿಗರೇಶನ್ನೇ ಭಾರವಾದಾಗ 2014ರಲ್ಲಿ ಸ್ಪ್ರಿಂಗ್ ಬೂಟ್ 1.0 ಬಂತು. ಟಾಮ್‌ಕ್ಯಾಟ್ ಸರ್ವರ್ ಅಪ್ಲಿಕೇಶನ್ ಒಳಗೇ ಇರುತ್ತೆ, ಪ್ರಾಜೆಕ್ಟ್‌ನಲ್ಲಿ ಯಾವ ಜಾರ್ ಇದೆ ಅಂತ ನೋಡಿ ಎಷ್ಟೋ ಸೆಟ್ಟಿಂಗ್ ತಾನೇ ಮಾಡ್ಕೊಳ್ಳುತ್ತೆ. ಡೇಟಾಬೇಸ್‌ನ ಜಾರ್ ಸೇರಿಸಿ ಅದರ ವಿಳಾಸ ಕೊಡದಿದ್ದರೆ ಕೆಲವೊಮ್ಮೆ ಅಪ್ಲಿಕೇಶನ್ ಶುರುವೇ ಆಗಲ್ಲವಲ್ಲ, ಅದಕ್ಕೆ ಕಾರಣ ಇದೇ.

ಹಾಗಾದ್ರೆ ಯಾವ ಕ್ರಮ?

ನಮ್ಮ ಪ್ರಕಾರ ಹೀಗೆ:

1. ಜಾವಾದಲ್ಲಿ ಇಂಟರ್‌ಫೇಸ್, ಕಲೆಕ್ಷನ್ಸ್, ಎಕ್ಸೆಪ್ಷನ್ ಗಟ್ಟಿ ಮಾಡ್ಕೊಳ್ಳಿ. ಸ್ಪ್ರಿಂಗ್ ನಿಂತಿರೋದೇ ಇಂಟರ್‌ಫೇಸ್ ಮೇಲೆ.
2. ಬ್ರೌಸರ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ನೋಡಿ. ಗೆಟ್, ಪೋಸ್ಟ್, 200, 404, 500 ಇವೆಲ್ಲ ಯಾವ ಫ್ರೇಮ್‌ವರ್ಕ್‌ಗೂ ಸೇರಿದ್ದಲ್ಲ, ವೆಬ್‌ಗೆ ಸೇರಿದ್ದು.
3. ಒಂದೇ ಒಂದು ಸರ್ವ್‌ಲೆಟ್ ಕೈಯಾರೆ ಬರೀರಿ. ಜೆಡಿಬಿಸಿಯಲ್ಲಿ ಒಂದು ಟೇಬಲ್ ಓದಿ.
4. ಸ್ಪ್ರಿಂಗ್ ಇಲ್ಲದೆ, ಮೇನ್ ಮೆಥಡ್‌ನಲ್ಲೇ ಆಬ್ಜೆಕ್ಟ್‌ಗಳನ್ನು ಮಾಡಿ ಒಂದನ್ನು ಇನ್ನೊಂದರ ಕನ್‌ಸ್ಟ್ರಕ್ಟರ್‌ಗೆ ಕೊಡಿ. ಅಂದ್ರೆ ಉಗ್ರಾಣದ ಕೆಲಸ ಒಂದು ದಿನ ನೀವೇ ಮಾಡಿ.
5. ಇದಾದ ಮೇಲೆ ಸ್ಪ್ರಿಂಗ್ ಬೂಟ್.

ಈ ಕ್ರಮದಲ್ಲಿ ಬಂದವರಿಗೆ ಒಂದು ರಿಕ್ವೆಸ್ಟ್‌ನ ದಾರಿ ಕಣ್ಣಿಗೆ ಕಟ್ಟುತ್ತೆ. ಲೈಬ್ರರಿ ಆ್ಯಪ್‌ನಲ್ಲಿ 12ನೇ ಪುಸ್ತಕ ಕೇಳಿದ್ರಿ ಅಂದ್ಕೊಳ್ಳಿ. 8080 ಪೋರ್ಟ್‌ನಲ್ಲಿ ಕಾಯ್ತಿರೋ ಟಾಮ್‌ಕ್ಯಾಟ್ ರಿಕ್ವೆಸ್ಟನ್ನು ತಗೊಂಡು ಡಿಸ್ಪ್ಯಾಚರ್ ಸರ್ವ್‌ಲೆಟ್‌ಗೆ ಕೊಡುತ್ತೆ. ಅದು ವಿಳಾಸ ನೋಡಿ ಸರಿಯಾದ ಕಂಟ್ರೋಲರ್ ಮೆಥಡ್ ಕರೆಯುತ್ತೆ. ಕಂಟ್ರೋಲರ್ ಸರ್ವಿಸನ್ನು, ಸರ್ವಿಸ್ ರೆಪಾಸಿಟರಿಯನ್ನು ಕೇಳುತ್ತೆ. ಡೇಟಾಬೇಸ್‌ನಿಂದ ಬಂದ ಉತ್ತರ ಅದೇ ದಾರೀಲಿ ವಾಪಸ್ ಬಂದು ಜೇಸನ್ ಆಗಿ ಬ್ರೌಸರ್ ಸೇರುತ್ತೆ. ಎಲ್ಲಿ ನಿಂತು ಹೋಯ್ತು ಅಂತ ಹುಡುಕೋದಕ್ಕೆ ಈ ನಕ್ಷೆ ಸಾಕು.

ಇನ್ನೊಂದು ಲಾಭವೂ ಇದೆ. 2022ರಲ್ಲಿ ಬಂದ ಸ್ಪ್ರಿಂಗ್ ಬೂಟ್ 3.0ಗೆ ಕನಿಷ್ಠ ಜಾವಾ 17 ಬೇಕು. ಸರ್ವ್‌ಲೆಟ್ ಪ್ಯಾಕೇಜ್‌ಗಳ ಹೆಸರು ಕೂಡ "ಜಾವಾಎಕ್ಸ್"ನಿಂದ "ಜಕಾರ್ತಾ" ಆಯ್ತು. ಹಳೇ ವೀಡಿಯೊ ನೋಡಿ ಬಾಯಿಪಾಠ ಮಾಡಿದವರ ಕೋಡ್ ಇಲ್ಲಿ ಕಂಪೈಲ್ ಆಗದೇ ಇರಬಹುದು. ಸರ್ವ್‌ಲೆಟ್ ಅಂದ್ರೇನು ಅಂತ ಗೊತ್ತಿದ್ದವರು ಇಂಪೋರ್ಟ್ ಸಾಲು ಬದಲಾಯಿಸಿ ಮುಂದೆ ಹೋಗ್ತಾರೆ.

ಯಾವುದಾದ್ರೂ ಸಂಸ್ಥೆಯ ಡೆಮೊ ಕ್ಲಾಸ್‌ಗೆ ಹೋದರೆ ಒಂದೇ ಪ್ರಶ್ನೆ ಕೇಳಿ: "ಸರ್, ಈ ಕಂಟ್ರೋಲರ್‌ನ ಆಬ್ಜೆಕ್ಟ್ ಯಾರು ಮಾಡಿದ್ದು, ಯಾವಾಗ?" ಬೋರ್ಡ್ ಮೇಲೆ ಚಿತ್ರ ಬರೆದು ವಿವರಿಸಿದರೆ ಆ ಕ್ಲಾಸ್‌ಗೆ ಸೇರುವ ಬಗ್ಗೆ ಯೋಚನೆ ಮಾಡಬಹುದು. "ಅದೆಲ್ಲ ಸ್ಪ್ರಿಂಗ್ ನೋಡ್ಕೊಳ್ಳುತ್ತೆ, ನೀವು ಅನೋಟೇಶನ್ ಹಾಕಿ" ಅಂದ್ರೆ ಫೀಸ್ ಕಟ್ಟೋ ಮೊದಲು ಇನ್ನೊಂದು ಕಡೆ ವಿಚಾರಿಸಿ.