ಬೂದಿದಿಬ್ಬದ ಅಡಿಯ ಹಟ್ಟಿ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡುತಿನಿಯ ಬಳಿ ಒಂದು ದೊಡ್ಡ ಬೂದಿದಿಬ್ಬವಿದೆ. ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಜಾಗವಿದು ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳಿಗೆ ಸ್ಥಳೀಯರು ಹೇಳಿದ್ದರು. ಅಷ್ಟು ಬೂದಿಯಾಗಲು ರಕ್ಕಸನ ಮೈಯೇ ಬೇಕಲ್ಲವೇ! ಜ್ವಾಲಾಮುಖಿ ಎಂದವರೂ ಇದ್ದರು, ಲೋಹ ಕರಗಿಸಿದ ಕಿಟ್ಟ ಎಂದವರೂ ಇದ್ದರು.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇದು ಸುಟ್ಟ ಸಗಣಿ ಎಂದರು. ಆ ಮಾತು ಗಟ್ಟಿಯಾಗಲು ದಶಕಗಳೇ ಹಿಡಿದವು. 1957ರಲ್ಲಿ ರೇಮಂಡ್ ಆಲ್ಚಿನ್ ಇಂದಿನ ತೆಲಂಗಾಣದ ಉಟ್ನೂರಿನ ಇಂಥದ್ದೇ ದಿಬ್ಬವನ್ನು ಅಗೆದಾಗ ಬೂದಿಯ ಪದರಗಳ ನಡುವೆ ಬೇಲಿಗೆ ನೆಟ್ಟ ಕಂಬಗಳ ಕುಳಿಸಾಲು ಕಂಡಿತು. ದನಗಳ ಗೊರಸಿನ ಗುರುತೂ ಸಿಕ್ಕಿತು. ದಿಬ್ಬದ ಅಡಿಯಲ್ಲಿ ಇದ್ದದ್ದು ದನದ ದೊಡ್ಡಿ!

ಸುಮಾರು ಐದು ಸಾವಿರ ವರ್ಷಗಳ ಹಿಂದೆ ಈ ಬಯಲುಸೀಮೆಯಲ್ಲಿ ದನ ಸಾಕಿದವರು ನವಶಿಲಾಯುಗದ ಜನ. ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಗೆ ಆಗಾಗ ಬೆಂಕಿ ಇಟ್ಟರು. ಅದರ ಮೇಲೆ ಮತ್ತೆ ಸಗಣಿ, ಮತ್ತೆ ಬೆಂಕಿ. ಕೆಲವೆಡೆ ಕಾವು ಎಷ್ಟು ಏರಿತೆಂದರೆ ಬೂದಿಯೇ ಕರಗಿ ಗಾಜಿನಂತೆ ಗಟ್ಟಿಕಟ್ಟಿತು. ಆಲ್ಚಿನ್ ಇದರಲ್ಲಿ ಹಬ್ಬದ ಬೆಂಕಿಯನ್ನು ಕಂಡರು. ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವ ನಮಗೆ ಆ ಊಹೆ ದೂರದ್ದೆನಿಸದು.

ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ನಡೆಸಿದ ಉತ್ಖನನ ಚಿತ್ರವನ್ನು ಪೂರ್ತಿಗೊಳಿಸಿತು. ದಿಬ್ಬದ ಪಕ್ಕದಲ್ಲೇ ಜನವಸತಿ, ಪ್ರಾಣಿಗಳನ್ನು ಕಡಿದು ಮಾಂಸ ಬಿಡಿಸುತ್ತಿದ್ದ ನೆಲ, ಮಕ್ಕಳ ಸಮಾಧಿಗಳು. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಅದೇ ಕಾಲದ ಜನ ಕರಿಗಲ್ಲಿನಿಂದ ಕೊಡಲಿ ಮಾಡುತ್ತಿದ್ದರು, ಹುರುಳಿ, ಹೆಸರು ಬೆಳೆಯುತ್ತಿದ್ದರು. ಪಕ್ಕದ ಕಪ್ಪಗಲ್ಲಿನ ಬಂಡೆಗಳ ಮೇಲೆ ಉದ್ದ ಕೊಂಬಿನ, ಡುಬ್ಬದ ಗೂಳಿಗಳನ್ನು ಕೆತ್ತಿದರು.

ಅರಸರ ಹೆಸರಿಲ್ಲ, ಶಾಸನವಿಲ್ಲ. ಈ ನಾಡಿನ ಮೊದಲ ದನಗಾಹಿಗಳು, ರೈತರು ಬಿಟ್ಟುಹೋದ ದಾಖಲೆ ಈ ಬೂದಿಯೇ. ಅದನ್ನೇ ಹೊಲದ ಗೊಬ್ಬರಕ್ಕೆ ತೋಡಿದ್ದೇವೆ. ಸಂಗನಕಲ್ಲು, ಕಪ್ಪಗಲ್ಲಿನ ಬೆಟ್ಟಗಳಿಗೆ ಕಲ್ಲುಗಣಿಗಾರಿಕೆಯ ಪೆಟ್ಟು ಬಿದ್ದಿದೆ. ಹಂಪಿಗೆ ಹೋಗುವವರು ದಾರಿಯಲ್ಲಿ ಒಮ್ಮೆ ಕುಡುತಿನಿಯಲ್ಲಿ ಇಳಿಯಿರಿ, ಮಕ್ಕಳಿಗೂ ತೋರಿಸಿ. ಇನ್ನುಳಿದ ದಿಬ್ಬಗಳನ್ನಾದರೂ ಕಾಯಲೇಬೇಕು.